ಹಗೇವು, ಬಂಕರ್ ಮತ್ತು ಬಾಣಂತಿ ಕೋಣೆಯ ಕಿಟಕಿ

ಬರ್ಲಿನ್ನಿಗೆ ಬಂದ ಮರುದಿನ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಒಂದು ಕಿಟಕಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಾಲು ಗಂಟೆ ನಿಂತದ್ದು. ಭದ್ರವಾಗಿ ಮುಚ್ಚೋಣವೆಂದು ಅದರ ಹಿಡಿ ತಿರುಗಿಸಿದ್ದೆ. ಹಿಡಿ ಮೇಲಕ್ಕೆ ಹೋಯಿತು, ಕಿಟಕಿ ತಲೆಯ ಕಡೆಯಿಂದ ನನ್ನ ಮೇಲೆ ವಾಲಿತು. ಅಷ್ಟು ದೊಡ್ಡ ಗಾಜು! ಕಳಚಿಬಿತ್ತು ಎಂದೇ ತಿಳಿದು ಎದೆ ಕೊಟ್ಟು ಹಿಡಿದೆ. ಕೂಗಿದರೆ ಒಳಗೆ ಮಗು ಏಳುತ್ತದೆ, ಬಿಟ್ಟರೆ ಮಗಳ ಮನೆಯ ಗಾಜು ಪುಡಿಯಾಗುತ್ತದೆ. ಹೀಗೆ ಎರಡು ಪಾಪಗಳ ನಡುವೆ ನಿಂತಿದ್ದಾಗ ಅಳಿಯ ಬಂದು, "ಅತ್ತೆ, ಅದು ಹಾಗೇ ಇರೋದು, ಬಿಡಿ," ಎಂದ. ನಾನು ಬಿಡಲಿಲ್ಲ. ಅವನು ಒಂದೊಂದೇ ಬೆರಳು ಬಿಡಿಸಿದ. ಕಿಟಕಿ ಬೀಳಲಿಲ್ಲ, ಕುಡಿದವನು ಗೋಡೆಗೆ ಒರಗಿದಂತೆ ಗಾಳಿಗೆ ಒರಗಿ ನಿಂತಿತ್ತು.

ಆಮೇಲೆ ತಿಳಿಯಿತು. ಇಲ್ಲಿನ ಕಿಟಕಿಯ ಹಿಡಿಗೆ ಮೂರು ದಿಕ್ಕು. ಕೆಳಗೆ ಮಾಡಿದರೆ ಮುಚ್ಚುತ್ತದೆ, ಅಡ್ಡ ಮಾಡಿದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲೆ ಮಾಡಿದರೆ ಹೀಗೆ ವಾಲುತ್ತದೆ. ಮೂರೂ ಗೊತ್ತಾದ ಮೇಲೂ ನಾನು ಒಂದನ್ನೇ ಇಟ್ಟುಕೊಂಡೆ: ಕೆಳಗೆ. ನಾನು ಬಂದದ್ದು ಬಾಣಂತನಕ್ಕೆ, ಗಾಳಿ ಸೇವನೆಗಲ್ಲ.

ಹೌದು, ಮೊಮ್ಮಗಳು ಹುಟ್ಟಿದ್ದಳು! ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಆದರೆ ಬರೆದರೆ ಮುಂದೆ ಬೇರೇನೂ ಬರೆಯಲಾರೆನೆಂದು ತಡೆದುಕೊಂಡೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನನ್ನ ಮಗಳು ಶೈಲಾಗೆ ಹುಟ್ಟಿದ ಮಗು. ಆ ಒಂಬತ್ತು ವರ್ಷದಲ್ಲಿ ನಾನು ಹರಕೆ ಹೊರದ ದೇವರು ನಮ್ಮ ಗುಬ್ಬಿ ಸೀಮೆಯಲ್ಲಿ ಉಳಿದಿರಲಿಲ್ಲ. ಕೊನೆಗೆ ಬೇಸತ್ತು, ಇನ್ನು ನಿಮ್ಮ ಹತ್ತಿರ ಕೇಳುವುದಿಲ್ಲ ಹೋಗಿ ಎಂದು ಎಲ್ಲರಿಗೂ ಸೇರಿಸಿ ಒಂದೇ ಮಂಗಳಾರತಿ ಮಾಡಿ ಬಿಟ್ಟುಬಿಟ್ಟೆ. ಆ ವರ್ಷವೇ ಶೈಲಾ ಬಸುರಿಯಾದಳು. ಆದ್ದರಿಂದ ಹರಕೆಯನ್ನು ಯಾರಿಗೆ ತೀರಿಸುವುದೆಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಹೇಗಿದ್ದಾಳೆ ಎಂದು ಕೇಳಿ. ಕೇಳದಿದ್ದರೂ ಹೇಳುತ್ತೇನೆ. ಹುರಿಗಡಲೆಯಷ್ಟು ಮೂಗು. ಎಡಗೈ ಮುಷ್ಟಿಯನ್ನು ಯಾವಾಗಲೂ ಕಿವಿಯ ಪಕ್ಕ ಇಟ್ಟುಕೊಂಡು ಯಾರದೋ ಫೋನು ಬಂದಂತೆ ಮಲಗುತ್ತಾಳೆ. ಆಕಳಿಸಿದರೆ ಇಡೀ ಮುಖವೇ ಬಾಯಿ. ಅಳಿಯ ಅವಳದೊಂದು ಫೋಟೋ ತೊಳೆಸಿಕೊಟ್ಟಿದ್ದ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೋಟಿನ ಜೇಬಲ್ಲಿಟ್ಟುಕೊಂಡು ಹೋದಲ್ಲೆಲ್ಲ ತೋರಿಸುತ್ತಿದ್ದೆ. ಔಷಧಿ ಅಂಗಡಿಯವಳು ನೋಡಿದ್ದಾಳೆ. ಬಸ್ಸಿನ ಡ್ರೈವರ್ ನೋಡಿದ್ದಾನೆ. ಹಿಂದಿನ ಜನ ಗೊಣಗಿದರೂ ಪೂರ್ತಿ ನೋಡಿಯೇ ಬಸ್ಸು ಬಿಟ್ಟ. ಟಿಕೆಟ್ ಪರೀಕ್ಷಿಸಲು ಬಂದವನಿಗೆ ಟಿಕೆಟ್ಟಿನ ಬದಲು ಅದನ್ನೇ ತೋರಿಸಿದೆ. ಅವನು "ಜ್ಯೂಸ್" ಎಂದ. ಹಾಗೆಂದರೆ ಮುದ್ದಾಗಿದೆ ಎಂದು ಅರ್ಥವಂತೆ. ಆದರೂ ಟಿಕೆಟ್ ಕೇಳಿದ. ಜರ್ಮನಿಯವರು ಹೀಗೆಯೇ.

ಆ ವರ್ಷಗಳಲ್ಲಿ ಇಲ್ಲಿನ ಸರ್ಕಾರ ಕಂಪ್ಯೂಟರ್ ಬಲ್ಲವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿತ್ತು. ಕಾರ್ಡು ಬಂದದ್ದು ಶೈಲಾಗೆ. ಅಳಿಯ ಮಂಜುನಾಥ ಕಾರ್ಡಿನ ಗಂಡ. ಊರಲ್ಲಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವನು ಇಲ್ಲಿ ಕೆಲಸಕ್ಕೆ ಅಪ್ಪಣೆ ಸಿಗುವವರೆಗೆ ಜರ್ಮನ್ ಪಾಠ ಕಲಿಯುತ್ತ, ಅನ್ನಕ್ಕಿಡುತ್ತ, ನನ್ನಂಥವರಿಗೆ ಇತಿಹಾಸ ಹೇಳುತ್ತ ಕಾಲ ಕಳೆಯುತ್ತಿದ್ದ. ಎದುರಿಗೆ ನಾನು ಅವನನ್ನು ನೀವು ಎನ್ನುತ್ತೇನೆ, ಬರೆಯುವಾಗ ಅವನು ಎನ್ನುತ್ತೇನೆ. ಓದಿದರೆ ಓದಲಿ. ಒಳ್ಳೆಯ ಹುಡುಗ, ಆದರೆ ಯಾವ ಕಲ್ಲು ಕಂಡರೂ ನಿಂತು ಅದರ ವಯಸ್ಸು ಓದುತ್ತಾನೆ.

ಈಗ ಬಾಣಂತಿ ಕೋಣೆಗೆ ಬರೋಣ. ನನ್ನ ಓದು ನಾಲ್ಕನೇ ಕ್ಲಾಸು. ಆದರೆ ಬಾಣಂತನದಲ್ಲಿ ನನಗೆ ಡಾಕ್ಟರ್ ಪದವಿ ಕೊಡಬೇಕು. ಮೂರು ನನ್ನದು, ನಾದಿನಿಯರದು ನಾಲ್ಕು, ಬೀದಿಯವರದು ಲೆಕ್ಕವಿಲ್ಲ. ಶಾಸ್ತ್ರ ಎಲ್ಲರಿಗೂ ಗೊತ್ತಿರುವುದೇ: ಗಾಳಿ ಆಡಬಾರದು, ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಹತ್ತಿರ ಅಗ್ಗಿಷ್ಟಿಕೆ, ಅದರ ಕೆಂಡದ ಮೇಲೆ ಸಾಂಬ್ರಾಣಿ ಮತ್ತು ಬೆಳ್ಳುಳ್ಳಿ ಸಿಪ್ಪೆ. ನಮ್ಮೂರ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದೆ. ಏರ್‌ಪೋರ್ಟಿನಲ್ಲಿ ಇಬ್ಬರು ಪೊಲೀಸರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಆಯುಧವೆಂದು ತಿಳಿಯದೆ ಬಿಟ್ಟರು. ಇದ್ದಿಲನ್ನು ಮಂಜುನಾಥ ಅಂಗಡಿಯಿಂದ ತಂದುಕೊಟ್ಟ. ಇಲ್ಲಿನವರು ಬೇಸಗೆಯಲ್ಲಿ ಮಾಂಸ ಸುಡುವ ಇದ್ದಿಲಂತೆ. ಅದರಲ್ಲಿ ನನ್ನ ಮೊಮ್ಮಗಳಿಗೆ ಸಾಂಬ್ರಾಣಿ. ಬಾಲ್ಕನಿಯಲ್ಲಿ ಹೊತ್ತಿಸಿ, ಕೆಂಡವಾದ ಮೇಲೆ ಒಳಗೆ ತರುತ್ತಿದ್ದೆ. ಮನೆಯಲ್ಲಿ ಎಲ್ಲಕ್ಕಿಂತ ಚಿಕ್ಕ ಕೋಣೆಯನ್ನು ಆರಿಸಿ, ಕಿಟಕಿ ಮುಚ್ಚಿ, ಮೇಲೊಂದು ಕಂಬಳಿ ಬಿಗಿದಿದ್ದೆ. ಶೈಲಾ ಮಂಚದ ಮೇಲೆ, ಪುಟ್ಟಿ ನೆಲದ ಹಾಸಿಗೆಯಲ್ಲಿ, ಅವಳ ಪಕ್ಕದಲ್ಲಿ ನಾನು. ನವೆಂಬರಿನ ಆ ಹಾಳು ಚಳಿ ಹೊರಗೇ ನಿಂತು ಹಲ್ಲು ಕಡಿಯಬೇಕು, ಹಾಗೆ.

ಆದರೆ ಈ ದೇಶದಲ್ಲಿ ಹೆರಿಗೆಯಾದವರ ಮನೆಗೇ ಬರುವ ಸೂಲಗಿತ್ತಿಯರು ಇದ್ದಾರೆ. ನಮಗೆ ಸಿಕ್ಕವಳು ಫ್ರೌ, ಅಂದರೆ ಶ್ರೀಮತಿ, ಹೋಲ್ಟ್ಸ್. ಆರಡಿ ಎತ್ತರ, ಸೈಕಲ್ಲಿನ ಮೇಲೆ ಸವಾರಿ, ಚೀಲದಲ್ಲಿ ಮಗುವನ್ನು ತೂಗುವ ಕೊಕ್ಕೆಯ ತಕ್ಕಡಿ. ಒಳಗೆ ಬಂದವಳೇ ನಮಸ್ಕಾರಕ್ಕೂ ಮೊದಲು ಕಿಟಕಿಗೆ ಹೋಗುವಳು. ಕಂಬಳಿ ಎಳೆದು, ಹಿಡಿ ಅಡ್ಡ ತಿರುಗಿಸಿ, ಬಾಗಿಲಿನಷ್ಟು ಅಗಲ ತೆರೆದು, ಎದೆ ತುಂಬ ಉಸಿರೆಳೆದು "ಲುಫ್ಟೆನ್!" ಎನ್ನುವಳು. ಗಾಳಿ ಆಡಲಿ ಎಂದು ಅರ್ಥ. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ನಾನು ಮುಚ್ಚಿರುತ್ತಿದ್ದೆ. ಈ ದೇಶದಲ್ಲಿ ಎರಡು ಮಹಾಯುದ್ಧ ಆಗಿವೆ ಎಂದು ಮಂಜುನಾಥ ಹೇಳುತ್ತಿರುತ್ತಾನೆ. ಮೂರನೆಯದು ನಮ್ಮ ಮನೆಯ ಎರಡನೇ ಮಹಡಿಯಲ್ಲಿ ನಡೆಯುತ್ತಿತ್ತು.

ಮೂರನೇ ವಾರ ಶೈಲಾಗೆ ತಲೆನೋವು ಶುರುವಾಯಿತು. "ಅಮ್ಮ, ತಲೆ ಸಿಡೀತಿದೆ, ಸ್ವಲ್ಪ ಕಿಟಕಿ ತೆಗಿಯೇ," ಎಂದಳು. "ದೃಷ್ಟಿ ಕಣೇ," ಎಂದೆ. ಯಾರ ದೃಷ್ಟಿ ಎಂಬುದಕ್ಕೆ ಜ್ಯೋತಿಷಿ ಬೇಕಾಗಿರಲಿಲ್ಲ. ನೀಲಿ ಕಣ್ಣಿನವಳು ದಿನವೂ ಬಂದು ಮಗುವನ್ನು ಕೊಕ್ಕೆಗೆ ನೇತುಹಾಕಿ ನೋಡುತ್ತಿದ್ದಳಲ್ಲ. ಮೆಣಸಿನಕಾಯಿ ಇಳಿ ತೆಗೆದು, ಸಾಂಬ್ರಾಣಿಯನ್ನು ಇನ್ನೊಂದು ಹಿಡಿ ಹೆಚ್ಚಿಸಿದೆ. ಪುಟ್ಟಿಯಂತೂ ಬಂಗಾರದ ಮಗು. ಅಳುವುದೇ ಇಲ್ಲ, ಸದಾ ನಿದ್ದೆ. ಎಲ್ಲ ನನ್ನ ಕೈಗುಣ ಎಂದು ಬೀಗಿದೆ. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಯಾಕೆಂದು ಮುಂದೆ ಹೇಳುತ್ತೇನೆ.

ಆ ಶನಿವಾರ ಫ್ರೌ ಹೋಲ್ಟ್ಸ್ ಬಂದವಳು ಅಗ್ಗಿಷ್ಟಿಕೆಯನ್ನು ಕಂಡು ಕೆಂಪಾದಳು. ಅಷ್ಟು ದಿನ ಅದು ಧೂಪದ ಬಟ್ಟಲು ಎಂದುಕೊಂಡಿದ್ದಳಂತೆ. ಇದ್ದಿಲೆಂದು ಅವತ್ತೇ ತಿಳಿದದ್ದು. ಅದನ್ನು ಎತ್ತಿ ಬಾಲ್ಕನಿಗೆ ಇಟ್ಟು ಉದ್ದಕ್ಕೆ ಏನೋ ಹೇಳಿದಳು. ಶೈಲಾ ಮುಖ ಸಣ್ಣಗೆ ಮಾಡಿಕೊಂಡು ಕನ್ನಡದಲ್ಲಿ ಹೇಳಿದಳು: "ಮುಚ್ಚಿದ ಕೋಣೇಲಿ ಕೆಂಡ ಇಟ್ರೆ ವಿಷದ ಗಾಳಿ ಆಗತ್ತಂತೆ ಅಮ್ಮ. ಇನ್ನೊಂದ್ ಸಲ ಕಂಡ್ರೆ ಡಾಕ್ಟರಿಗೆ ಹೇಳ್ತಾರಂತೆ."

"ನಿನ್ನ ಹೀಗೇ ಬೆಳೆಸಿದ್ದು. ಸತ್ತೋದ್ಯಾ?"

"ಅಮ್ಮ, ನಂಗೆ ಜಗಳ ಆಡೋಕೆ ಶಕ್ತಿ ಇಲ್ಲ. ಇನ್ನೊಂದ್ ಸಲ ಆ ಬಾಂಡ್ಲಿ ಒಳಗೆ ಬಂದ್ರೆ ನಿನ್ ಟಿಕೆಟ್ ಹಿಂದಕ್ಕೆ ಹಾಕಿಸ್ತೀನಿ, ಸತ್ಯವಾಗ್ಲೂ."

"ಹಾಕ್ಸು. ನಾಳೇನೇ ಹಾಕ್ಸು," ಎಂದೆ. ಬಾಯಿ ಹೇಳಿತು, ಎದೆ ಪುಟ್ಟಿಯ ಹತ್ತಿರ ಹೋಗಿ ಕೂತಿತು. ಒಂಬತ್ತು ವರ್ಷ ಕಾದು, ಇಪ್ಪತ್ತು ದಿನ ನೋಡಿ ಹೋಗುವುದೆಂದರೆ!

ಫ್ರೌ ಹೋಲ್ಟ್ಸ್ ಇನ್ನೊಂದು ಆಜ್ಞೆ ಹೊರಡಿಸಿದಳು. ಓಮಾಗೆ, ಅಂದರೆ ಅಜ್ಜಿಗೆ, ಎರಡು ಗಂಟೆ ಹೊರಗಿನ ಒಳ್ಳೆಯ ಗಾಳಿ ಬೇಕು. ಮಂಜುನಾಥ ಕರೆದುಕೊಂಡು ಹೋಗಲಿ. ಅಷ್ಟು ಹೊತ್ತು ತಾನು ಶೈಲಾಗೆ ಹಾಲು ಕುಡಿಸುವ ಕ್ರಮ ತೋರಿಸುತ್ತೇನೆ, ಅಜ್ಜಿಯ ಸಲಹೆ ಬೇಡ.

ಸರಿ, ನಾನು ಕೋಟು ಹಾಕಿಕೊಂಡೆ. ಆದರೆ ನಾನೂ ನನ್ನ ಅಪ್ಪನ ಮಗಳು. ಅವಳು ಕೈ ತೊಳೆಯಲು ಹೋದಾಗ, ಶೈಲಾ ಬಚ್ಚಲಲ್ಲಿದ್ದಾಗ, ಬಾಲ್ಕನಿಯಿಂದ ಅಗ್ಗಿಷ್ಟಿಕೆಯನ್ನು ತಂದು, ಕೆಂಡದ ಮೇಲೆ ಬೂದಿ ಮುಚ್ಚಿ, ಮಂಚದ ಕೆಳಗೆ ಗೋಡೆಯ ಮೂಲೆಗೆ ತಳ್ಳಿದೆ. ಬೂದಿ ಮುಚ್ಚಿದ ಕೆಂಡ ಸದ್ದಿಲ್ಲದೆ ಎರಡು ಗಂಟೆ ಬಿಸಿ ಕೊಡುತ್ತದೆ. ಕಿಟಕಿಯ ಹಿಡಿ ಕೆಳಗೆ ಮಾಡಿದೆ. ಮೆಟ್ಟಿಲಿಳಿಯುವಾಗ ಒಂದು ಹಾಡು ಕೂಡ ಗುನುಗಿದೆ.

ಒಳ್ಳೆಯ ಗಾಳಿ ಎಂದರೆ ಕೆರೆಯ ದಂಡೆಯೋ ತೋಟವೋ ಇರಬೇಕಲ್ಲವೇ? ಆದರೆ ನನ್ನ ಅಳಿಯ ಇತಿಹಾಸದವನು. ದಾರಿಯಲ್ಲೇ ಅವನ ಸ್ನೇಹಿತ ಗಿರೀಶ ಫೋನು ಮಾಡಿದ. ಆ ಹುಡುಗ ಫೋನಿನಲ್ಲೂ ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಾನೆ: "ಗುರು, ಬಂಕರ್ ಟೂರ್ ಟಿಕೆಟ್ ಎರಡಿದೆ, ನಂಗೆ ಆಫೀಸಲ್ಲಿ ಬೆಂಕಿ ಬಿದ್ದಿದೆ, ಬರಕ್ಕಾಗಲ್ಲ. ನೀನು ಹೋಗು ಮಗಾ, ಸೂಪರ್ ಆಗಿದೆ." ಮಂಜುನಾಥನ ಮುಖ ಅರಳಿತು. "ಅತ್ತೆ, ಯುದ್ಧದ ಕಾಲದಲ್ಲಿ ಬಾಂಬು ಬೀಳುವಾಗ ಜನ ಅಡಗ್ತಿದ್ದ ಜಾಗ. ನೆಲದ ಕೆಳಗೆ. ನೋಡ್ಬೇಕು ನೀವು."

ಗಾಳಿ ಕುಡಿಸಿಕೊಂಡು ಬಾ ಎಂದರೆ ಮುದುಕಿಯನ್ನು ನೆಲದೊಳಕ್ಕೆ ಇಳಿಸಿದವನು ಭೂಲೋಕದಲ್ಲಿ ನನ್ನ ಅಳಿಯ ಒಬ್ಬನೇ ಇರಬೇಕು. ಆದರೂ ನಾನು ಹೋದೆ. ಫ್ರೌ ಹೋಲ್ಟ್ಸಳ ಆಜ್ಞೆ ಹೀಗೆ ಮಣ್ಣುಪಾಲಾಗುವುದನ್ನು ನೋಡುವ ಖುಷಿಯೇ ಬೇರೆ.

ಪಾತಾಳ ರೈಲಿನ ಒಂದು ಸ್ಟೇಷನ್ನಿನ ಮೆಟ್ಟಿಲ ಪಕ್ಕದಲ್ಲಿ ಒಂದು ಹಸಿರು ಕಬ್ಬಿಣದ ಬಾಗಿಲು. ದಿನವೂ ಸಾವಿರ ಜನ ಅದರ ಮುಂದೆ ಓಡಾಡುತ್ತಾರೆ, ಪೊರಕೆ ಇಡುವ ಗೂಡೆಂದು ತಿಳಿದಿರಬೇಕು. ಅಲ್ಲಿ ನಮ್ಮನ್ನು ಕರೆದೊಯ್ಯಲು ನಿಂತಿದ್ದವಳೂ ಒಬ್ಬ ಅಜ್ಜಿ. ನನಗಿಂತ ಒಂದೆರಡು ವರ್ಷ ದೊಡ್ಡವಳೋ ಚಿಕ್ಕವಳೋ. ಬೆಳ್ಳಿ ಕೂದಲು, ಗಂಡಸರ ಬೂಟು, ಸೊಂಟದಲ್ಲಿ ಕಲ್ಯಾಣಮಂಟಪದ ಮ್ಯಾನೇಜರನಂತೆ ಬೀಗದಕೈ ಗೊಂಚಲು. ಹದಿನೈದು ಮಂದಿ ಪ್ರವಾಸಿಗರು. ಒಳಗೆ ಹೋದ ಮೇಲೆ ಯಾರೂ ಒಬ್ಬೊಬ್ಬರೇ ಹೊರಗೆ ಹೋಗುವಂತಿಲ್ಲ, ಬಾಗಿಲಿಗೆ ಬೀಗ ಎಂದು ಮೊದಲೇ ಹೇಳಿದಳು. ಅವಳು ಇಂಗ್ಲಿಷಿನಲ್ಲಿ ಹೇಳುವುದು, ಮಂಜುನಾಥ ನನಗೆ ಕನ್ನಡದಲ್ಲಿ ಹೇಳುವುದು, ನಾನು ತಲೆಯಾಡಿಸುವುದು.

ಒಳಗೆ ಒಂದರ ಹಿಂದೆ ಒಂದು ಗೂಡುಗಳು. ತಗ್ಗಾದ ಸೂರು, ದಪ್ಪ ಗೋಡೆ, ಗೋಡೆಯುದ್ದಕ್ಕೂ ಮರದ ಬೆಂಚು. ಮೊಣಕಾಲಿಗೆ ಮೊಣಕಾಲು ತಾಗುವಂತೆ ಜನ ಕೂರುತ್ತಿದ್ದರಂತೆ. ಎಲ್ಲರೂ ಅಯ್ಯೋ ಪಾಪ ಎಂದರು. ನಾನು ಅಷ್ಟೊಂದು ಅನ್ನಲಿಲ್ಲ. ನಮ್ಮೂರಿಗೆ ಬರುವ ಸಂಜೆಯ ಬಸ್ಸಿನಲ್ಲಿ ಇಷ್ಟೂ ಜಾಗ ಇರುವುದಿಲ್ಲ, ಮೇಲೆ ಕೋಳಿ ಬೇರೆ. ಒಂದು ಗೂಡಿನ ಗೋಡೆಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದಿದ್ದರು. ಅಜ್ಜಿ ದೀಪ ಆರಿಸಿದಳು. ಗೋಡೆ ಮಿಂಚುಹುಳದ ಹೊಟ್ಟೆಯಂತೆ ಹಸಿರಾಯಿತು, ನಾವೆಲ್ಲ ನೆರಳಾದೆವು. "ಚೆನ್ನಾಗಿದೆ, ಪುಟ್ಟಿ ಕೋಣೆಗೂ ಬಳಿಸಿ," ಎಂದೆ ಮಂಜುನಾಥನಿಗೆ. ಅವನು "ಶ್!" ಎಂದ. ಆಮೇಲೆ ಪಾಯಿಖಾನೆ ತೋರಿಸಿದಳು; ಅದೆಂದರೆ ಒಂದೇ ಒಂದು ಡಬ್ಬ. ಅಷ್ಟು ಜನಕ್ಕೆ ಅಷ್ಟೇ. ಯುದ್ಧ ಶುರುಮಾಡುವ ಗಂಡಸರನ್ನು ಮೊದಲು ಒಂದು ವಾರ ಆ ಡಬ್ಬ ತೊಳೆಯಲು ಹಾಕಬೇಕಿತ್ತು. ಆ ಅರ್ಧ ಮೀಸೆಯವನು ಎರಡನೇ ದಿನವೇ ಸಂಧಿಗೆ ಬರುತ್ತಿದ್ದ. ಇದನ್ನೂ ಹೇಳಿದೆ. ಮಂಜುನಾಥ ಕನ್ನಡದಲ್ಲೇ ಇರಲಿ ಎಂದು ಬಿಟ್ಟ. ಆದರೆ ಅಜ್ಜಿ ನನ್ನ ಕೈಯಾಟ ನೋಡಿ ಏನು ಹೇಳಿದರೆಂದು ಕೇಳಿಯೇ ಕೇಳಿದಳು. ಹೇಳಿದ. ಅವಳು ಬೀಗದಕೈ ಗಲಗಲ ಎನ್ನುವಂತೆ ನಕ್ಕಳು. ಅಲ್ಲಿಂದ ನಾವಿಬ್ಬರೂ ಒಂದು ಪಾರ್ಟಿ.

ಅದರ ಮುಂದಿನ ಗೂಡಿನಲ್ಲಿ ಗೋಡೆಗೆ ಮೂರು ಸಣ್ಣ ಹಲಗೆ ಬಡಿದಿದ್ದರು. ಒಂದು ನೆಲದ ಹತ್ತಿರ, ಒಂದು ಸೊಂಟದೆತ್ತರಕ್ಕೆ, ಒಂದು ತಲೆಯೆತ್ತರಕ್ಕೆ. ಮೂರರ ಮೇಲೂ ಒಂದೊಂದು ಮೊಂಬತ್ತಿ. ಯಾಕಿರಬಹುದು ಎಂದು ಅಜ್ಜಿ ಕೇಳಿದಳು. ಬೆಳಕಿಗೆ ಎಂದ ಒಬ್ಬ. ಪ್ರಾರ್ಥನೆಗೆ ಎಂದಳು ಒಬ್ಬಳು. ಹೊತ್ತು ತಿಳಿಯಲು ಎಂದ ಕನ್ನಡಕದವನು. ನನ್ನ ಅಳಿಯ, ಇತಿಹಾಸದ ಮೇಷ್ಟ್ರು, ಗಡ್ಡ ಕೆರೆದುಕೊಂಡ.

ನನಗೆ ನಗು ಬಂತು. ಇದು ನನ್ನ ಪರೀಕ್ಷೆ! "ಕೆಟ್ಟ ಗಾಳಿ ಮೊದಲು ತಳದಲ್ಲಿ ಕೂರುತ್ತೆ ಅನ್ನಿ. ಕೆಳಗಿನ ದೀಪ ಆರಿದ್ರೆ ಕೆಳಗೆ ಉಸಿರಿಲ್ಲ ಅಂತ," ಎಂದೆ. ಮಂಜುನಾಥ ಅನುಮಾನದಿಂದಲೇ ಹೇಳಿದ. ಅಜ್ಜಿ ನನ್ನನ್ನು ತಿರುಗಿ ನೋಡಿದಳು. ಇಷ್ಟು ವರ್ಷದಲ್ಲಿ ಸರಿಯಾಗಿ ಹೇಳಿದವರು ಬಹಳ ಕಡಿಮೆ, ನಿಮಗೆ ಹೇಗೆ ಗೊತ್ತು ಎಂದಳು.

ಹೇಗೆ ಗೊತ್ತು! ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಇದನ್ನು ಕಲಿಯಲಿಕ್ಕೇ ಅಲ್ಲವೇ. ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿಡುತ್ತಿದ್ದರು. ಹಗೇವು ಎಂದರೆ ಮನೆಯ ಮುಂದೆ ನೆಲದೊಳಗೆ ತೋಡಿದ ಕಣಜ. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು, ನೀರಿನ ಹೂಜಿಯನ್ನು ಹೂತಿಟ್ಟಂತೆ. ರಾಗಿ ತುಂಬಿ ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯದು. ಯಾಕೆಂದರೆ ಒಳಗೆ ಹುಳ ಕೂಡ ಉಸಿರಾಡಲಾರದು. ಆದ್ದರಿಂದ ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು. ಬಾಯಿ ತೆರೆದು ಬಿಡಬೇಕು. ಆಮೇಲೆ ನಮ್ಮಜ್ಜ ಲಾಟೀನಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದ. ದೀಪ ತಳದವರೆಗೆ ಹೋಗಿ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಕಾಯಬೇಕು. ಇಳಿಯುವವಳು ನಾನು. ಸಣ್ಣ ಬಾಯಿಗೆ ಸಣ್ಣ ಮೈ ಬೇಕಲ್ಲ. ಒಂದು ಸಲ ಆತುರದ ಚಿಕ್ಕಪ್ಪ ಲಾಟೀನು ಬಿಡದೆ ಇಳಿದ. ಕೂಗಲಿಲ್ಲ, ಒದ್ದಾಡಲಿಲ್ಲ, ರಾಗಿಯ ಮೇಲೆ ನಿದ್ದೆ ಹೋದಂತೆ ಕೂತುಬಿಟ್ಟ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಎಳೆದು ಮೇಲೆ ತಂದು ನೀರು ಎರಚಿದಾಗ ಅವನು ಹೇಳಿದ ಮೊದಲ ಮಾತು, "ತಲೆ ಸಿಡೀತಿದೆ."

ಇಷ್ಟನ್ನೂ ಮಂಜುನಾಥ ಹೇಳಿ ಮುಗಿಸುವಷ್ಟರಲ್ಲಿ ಕನ್ನಡಕದವನು ಬರೆದುಕೊಳ್ಳಲು ಶುರುಮಾಡಿದ್ದ. ನಾನು ಸೆರಗು ಸರಿಮಾಡಿಕೊಂಡೆ. ಆಗ ಬೀಗದಕೈ ಅಜ್ಜಿ ಕೆಳಗಿನ ಮೊಂಬತ್ತಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಳು ಯುದ್ಧದ ಕಾಲದ ಕೂಸಂತೆ. ಅವಳಮ್ಮ ಅವಳನ್ನು ಎತ್ತಿಕೊಂಡು ಇಂಥದೇ ಒಂದು ಬಂಕರಿಗೆ ಓಡಿ ಬರುತ್ತಿದ್ದಳು. ಮಕ್ಕಳನ್ನು ನೆಲದ ಮೇಲೆ ಮಲಗಿಸುತ್ತಿದ್ದರು. ಈ ಕೆಳಗಿನ ಬತ್ತಿ ಆರಿದರೆ ಎಲ್ಲರೂ ಮಕ್ಕಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ನಡುವಿನದು ಆರಿದರೆ ಹೊರಗೆ ಏನೇ ಬೀಳುತ್ತಿರಲಿ, ಎದ್ದು ಹೋಗಬೇಕು. "ಕೆಳಗಿನದು ಮಕ್ಕಳ ಬತ್ತಿ," ಎಂದಳಂತೆ ಅಜ್ಜಿ. "ಅಮ್ಮ ಸಾಯೋವರೆಗೂ ಹೇಳ್ತಿದ್ದಳು, ನೀನು ಅಳದೇ ಇದ್ದಾಗಲೇ ನನಗೆ ಭಯ ಆಗ್ತಿತ್ತು ಅಂತ. ನಾನು ಇವತ್ತಿಗೂ ಹಿಮ ಬೀಳ್ತಿದ್ರೂ ಕಿಟಕಿ ಮುಚ್ಚಿ ಮಲಗಲಾರೆ."

ಮಂಜುನಾಥ ಇದನ್ನು ಕನ್ನಡಕ್ಕೆ ತಂದು ಮುಗಿಸಿದ. ನನ್ನ ಕಿವಿಯಲ್ಲಿ ಅಳದೇ ಇದ್ದಾಗ ಎಂಬ ಮಾತು ಮಾತ್ರ ನಿಂತಿತು. ಅಳುವುದೇ ಇಲ್ಲ, ಸದಾ ನಿದ್ದೆ, ಬಂಗಾರದ ಮಗು. ಶೈಲಾಗೆ ತಲೆನೋವು. ನೆಲದ ಮೇಲಿನ ಹಾಸಿಗೆ. ಮಂಚದ ಕೆಳಗೆ ಬೂದಿ ಮುಚ್ಚಿದ ಕೆಂಡ.

ಗುಬ್ಬಿಯಲ್ಲಿ ನಾನು ಕಿಟಕಿಯನ್ನಷ್ಟೇ ಮುಚ್ಚುತ್ತಿದ್ದೆ. ಹೆಂಚನ್ನು ಮುಚ್ಚಿರಲಿಲ್ಲ. ಆ ಮನೆಯ ತಲೆಯ ಮೇಲೆ ನೂರು ಸಂದು. ಮಳೆ ಬಂದರೆ ಬೈದದ್ದೂ ಆ ಸಂದುಗಳನ್ನೇ. ಬಾಗಿಲ ಕೆಳಗೆ ಬೆಕ್ಕು ನುಗ್ಗುವಷ್ಟು ಜಾಗ. ಇಲ್ಲಿ ಎರಡು ಪದರ ಗಾಜು, ಅಂಚಿಗೆ ರಬ್ಬರು, ಮೇಲೆ ನನ್ನ ಕಂಬಳಿ. ನನ್ನ ಮೊಮ್ಮಗಳಿಗೆ ನಾನೇ ಹಗೇವು ತೋಡಿ, ಚಪ್ಪಡಿ ಇಟ್ಟು, ಮಣ್ಣು ಮೆತ್ತಿ, ಇಲ್ಲಿ ಬಂದು ಮೊಂಬತ್ತಿಯ ಪ್ರಶ್ನೆಗೆ ಉತ್ತರ ಹೇಳಿ ಬೀಗುತ್ತಿದ್ದೇನೆ.

"ಮನೆಗೆ ಫೋನ್ ಮಾಡಿ. ಈಗ್ಲೇ," ಎಂದೆ.

"ಇಲ್ಲಿ ಸಿಗ್ನಲ್ ಇರಲ್ಲ ಅತ್ತೆ. ಏನಾಯ್ತು?"

"ಮೇಲೆ ಹೋಗೋಣ ನಡೀರಿ."

"ಇನ್ನೂ ಅರ್ಧ ಟೂರ್ ಇದೆ ಅತ್ತೆ, ಬೀಗ ಹಾಕಿರ್ತಾರೆ..."

ನಾನು ಅವನ ಮಾತು ಮುಗಿಯಲು ಬಿಡಲಿಲ್ಲ. ಜೇಬಿಂದ ಫೋಟೋ ತೆಗೆದು ಬೀಗದಕೈ ಅಜ್ಜಿಯ ಮುಂದೆ ಹಿಡಿದೆ. ಅಷ್ಟು ದಿನ ತೋರಿಸಿದಂತೆ ಅಲ್ಲ. ಇನ್ನೊಂದು ಕೈಯಿಂದ ಕೆಳಗಿನ ಮೊಂಬತ್ತಿ ತೋರಿಸಿದೆ. ಆಮೇಲೆ ಬಾಗಿಲು ತೋರಿಸಿದೆ. ನನಗೆ ಬರುವ ಜರ್ಮನ್ನು ಧನ್ಯವಾದ ಒಂದೇ, ಅದು ಅಲ್ಲಿ ಉಪಯೋಗಕ್ಕಿರಲಿಲ್ಲ. ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು. ಹದಿಮೂರು ಜನ ಪ್ರವಾಸಿಗರಿಗೆ ಅಲ್ಲಾಡಬೇಡಿ ಎಂದು ಹೇಳಿ, ನನ್ನ ಕೈ ಹಿಡಿದು, ಆ ಗಂಡಸರ ಬೂಟಿನಲ್ಲಿ ದಡದಡ ಓಡಿದಳು. ಇಬ್ಬರು ಅಜ್ಜಿಯರು ಬಂಕರಿನೊಳಗಿಂದ ಹೊರಕ್ಕೆ ಓಡುವುದನ್ನು ಆ ಗೋಡೆಗಳು ಅದೇ ಮೊದಲು ನೋಡಿರಬೇಕು. ಹಿಂದೆಲ್ಲ ಓಟ ಒಳಕ್ಕೇ ಇತ್ತು.

ಮೇಲೆ ಬಂದದ್ದೇ ಮಂಜುನಾಥ ನಂಬರು ಒತ್ತಿದ, ನಾನು ಕಿತ್ತುಕೊಂಡೆ. ಗಂಟೆ ಬಾರಿಸಿತು, ಬಾರಿಸಿತು, ಬಾರಿಸಿತು. ಆ ಹೊತ್ತಿಗೆ ಗುಬ್ಬಿ ಸೀಮೆಯ ಎಲ್ಲ ದೇವರ ಜೊತೆಗೂ ರಾಜಿ ಮಾಡಿಕೊಂಡೆ.

"ಹಲೋ?" ಶೈಲಾ.

"ಕಿಟಕಿ ತೆಗೆದಿದ್ಯೇನೇ?"

"ತೆಗ್ದಿದೆ ಅಮ್ಮ, ಬೈಬೇಡ, ಈಗ ಮುಚ್ತೀನಿ..."

"ಮುಚ್ಬೇಡ! ಮುಚ್ಬೇಡ ಕಣೇ! ಇನ್ನೊಂದು ಕಿಟಕಿನೂ ತೆಗಿ!"

"ಅಮ್ಮ, ನೀನೇನಾ?"

"ಮಂಚದ ಕೆಳಗೆ..."

"ಸಿಕ್ತು. ನೀವು ಹೊರಟ ಎರಡೇ ನಿಮಿಷಕ್ಕೆ ಸಿಕ್ತು. ಫ್ರೌ ಹೋಲ್ಟ್ಸ್ ಅದಕ್ಕೆ ನೀರು ಸುರಿದು ಬಾಲ್ಕನೀಲಿ ಇಟ್ಟಿದಾರೆ. ನಂದು, ಪುಟ್ಟಿದು ಎಲ್ಲಾ ನೋಡಿದ್ರು, ಆಸ್ಪತ್ರೆಗೂ ಫೋನ್ ಮಾಡಿ ಕೇಳಿದ್ರು. ಏನೂ ಆಗಿಲ್ಲ, ಸಂಜೆ ಒಂದ್ ಸಲ ತೋರಿಸ್ಕೊಂಡು ಬರ್ಬೇಕಂತೆ. ನೀನು ಬರ್ಲಿ ಅಂತ ಇನ್ನೂ ಕಾಯ್ತಾ ಕೂತಿದಾರೆ. ತುಂಬಾ ಕೋಪದಲ್ಲಿದಾರೆ ಅಮ್ಮ."

ಅವಳ ಹಿಂದೆ ಒಂದು ಸದ್ದು ಕೇಳಿತು. ಪುಟ್ಟಿ ಅಳುತ್ತಿದ್ದಳು. ಗಂಟಲು ಹರಿಯುವಂತೆ, ಇಡೀ ಬರ್ಲಿನ್ನಿಗೆ ಕೇಳುವಂತೆ. ಅಷ್ಟು ಇಂಪಾದ ಸಂಗೀತವನ್ನು ನಾನು ಕೇಳಿಲ್ಲ. ಫೋನನ್ನು ಬೀಗದಕೈ ಅಜ್ಜಿಯ ಕಿವಿಗೆ ಹಿಡಿದೆ. ಅವಳು ಕೇಳಿ, ಎದೆಯ ಮೇಲೆ ಕೈಯಿಟ್ಟು, ತನ್ನ ಹದಿಮೂರು ಜನರ ನೆನಪಾಗಿ ಮತ್ತೆ ಕೆಳಗೆ ಓಡಿದಳು.

ಮನೆಗೆ ಹೋದಾಗ ಫ್ರೌ ಹೋಲ್ಟ್ಸ್ ಅಡುಗೆಮನೆಯ ಕುರ್ಚಿಯಲ್ಲಿ ಪೊಲೀಸ್ ಠಾಣೆಯಂತೆ ಕೂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ಹಗೇವು, ಲಾಟೀನು, ಚಿಕ್ಕಪ್ಪ, ಹೆಂಚು, ಮಕ್ಕಳ ಬತ್ತಿ, ಒಂದನ್ನೂ ಬಿಡಲಿಲ್ಲ. ಶೈಲಾ ಜರ್ಮನ್ನಿನಲ್ಲಿ ಹೇಳುತ್ತ ಹೇಳುತ್ತ ನಡುವೆ ಅತ್ತುಬಿಟ್ಟಳು. "ತಪ್ಪಾಯ್ತು ಅಂತ ಹೇಳು," ಎಂದೆ ಕೊನೆಗೆ. ಈ ಮಾತನ್ನು ನನ್ನ ಬಾಯಲ್ಲಿ ಅವಳಪ್ಪ ಕೂಡ ಕೇಳಿದವರಲ್ಲ, ಆದ್ದರಿಂದ ಶೈಲಾಗೆ ಅದನ್ನು ಜರ್ಮನ್ನಿಗೆ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ಫ್ರೌ ಹೋಲ್ಟ್ಸ್ ಬೈಯಲು ಇಟ್ಟುಕೊಂಡಿದ್ದನ್ನೆಲ್ಲ ನುಂಗಿ ಎರಡು ಮಾತು ಹೇಳಿದಳು. ಒಂದು, ಕೆಂಡದ ವಿಷ ಹಗೇವಿನದಕ್ಕಿಂತ ಕಳ್ಳ. ಅದನ್ನು ಯಾವ ದೀಪವೂ ಹೇಳುವುದಿಲ್ಲ. ಎರಡು, ಮಗುವಿನ ತಲೆಗೆ ಕಟ್ಟಿದ ಟೋಪಿ ಬಹಳ ಒಳ್ಳೆಯದು, ಅದು ಇರಲಿ. ನಾನು ಮೊದಲನೆಯದನ್ನು ಶಿರಸಾವಹಿಸಿದೆ. ಎರಡನೆಯದನ್ನು ಬೀದಿಯವರಿಗೆಲ್ಲ ಹೇಳಿದೆ.

ಅಗ್ಗಿಷ್ಟಿಕೆ ಈಗ ಅಡುಗೆಮನೆಯ ಕಿಟಕಿಯ ಹಲಗೆಯ ಮೇಲಿದೆ. ಮಂಜುನಾಥ ಅದರಲ್ಲಿ ಕೊತ್ತಂಬರಿ ಬೆಳೆದಿದ್ದಾನೆ. ನನ್ನ ಟಿಕೆಟ್ಟನ್ನು ಶೈಲಾ ನಿಜಕ್ಕೂ ಬದಲಾಯಿಸಿದಳು. ಹಿಂದಕ್ಕಲ್ಲ, ಎರಡು ತಿಂಗಳು ಮುಂದಕ್ಕೆ. ಪುಟ್ಟಿ ತೊಟ್ಟಿಲೇರಿದಳು. ತಲೆನೋವು ಹೋಯಿತು. ಬಂಗಾರದ ಮಗು ದಿನಕ್ಕೆ ಆರು ಸಲ ಮನೆ ಹಾರಿಹೋಗುವಂತೆ ಅಳುತ್ತಾಳೆ, ಪ್ರತಿಸಲವೂ ನಾನು ಕುಣಿಯುತ್ತೇನೆ. ಕೆಳಗಿನ ಮನೆಯವರು ಕುಣಿಯುವುದಿಲ್ಲ.

ಒಂದು ಚಾಳಿ ಮಾತ್ರ ಉಳಿಸಿಕೊಂಡೆ. ಸಂಜೆ ದೇವರಿಗೆ ಹಚ್ಚಿದ ದೀಪವನ್ನು ಬಾಣಂತಿ ಕೋಣೆಗೆ ತಂದು, ತೊಟ್ಟಿಲಿಂದ ದೂರಕ್ಕೆ, ನೆಲದ ಮೇಲೆ ಇಡುತ್ತೇನೆ. ಅದು ಏನನ್ನೂ ಹೇಳುವುದಿಲ್ಲವೆಂದು ಈಗ ಗೊತ್ತು, ಆದರೂ ನಮ್ಮಜ್ಜನ ಕೈ ಹಗ್ಗ ಬಿಡುವುದಿಲ್ಲ. "ದೇವರು ಅಲ್ಲಿ, ದೀಪ ಇಲ್ಲಿ ಯಾಕಮ್ಮ?" ಎಂದಳು ಶೈಲಾ. "ದೇವರೂ ಸ್ವಲ್ಪ ಬಗ್ಗಿ ನೋಡ್ಲಿ," ಎಂದೆ.

ಫ್ರೌ ಹೋಲ್ಟ್ಸ್ ಕೊನೆಯ ಸಲ ಬಂದದ್ದು ಒಂದು ಸಂಜೆ. ಬಂದವಳೇ ಅಭ್ಯಾಸದಂತೆ ಕಿಟಕಿಗೆ ಹೋಗಿ, ಹಿಡಿ ಅಡ್ಡ ತಿರುಗಿಸಿ, ಬಾಗಿಲಿನಷ್ಟು ತೆರೆದಳು. ಹಿಮದ ಗಾಳಿ ಒಂದೇ ಸಲ ನುಗ್ಗಿ ನನ್ನ ದೀಪ ಆರಿಹೋಯಿತು. ಅವಳು ಆರಿದ ಬತ್ತಿಯನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಗಾಳಿ ಇಲ್ಲದಿದ್ದರೂ ದೀಪ ಆರುತ್ತದೆ, ಗಾಳಿ ಹೆಚ್ಚಾದರೂ ಆರುತ್ತದೆ ಎಂದು ಹೇಳಬೇಕೆನಿಸಿತು. ಅಷ್ಟು ಜರ್ಮನ್ ನನಗೆ ಬರುವುದಿಲ್ಲ. ಬೇಕಾಗಲೂ ಇಲ್ಲ. ಅವಳು ಕಿಟಕಿ ಮುಚ್ಚಿ, ಹಿಡಿಯನ್ನು ನಿಧಾನವಾಗಿ ಮೇಲಕ್ಕೆ ತಿರುಗಿಸಿದಳು. ಕಿಟಕಿ ತಲೆಯ ಕಡೆಯಿಂದ ನಮ್ಮ ಮೇಲೆ ವಾಲಿತು. ನಾನು ಬೆಂಕಿಪೆಟ್ಟಿಗೆ ತರಲು ಒಳಗೆ ಹೋದೆ. ಈ ಸಲ ಕಿಟಕಿಯನ್ನು ಯಾರೂ ಹಿಡಿದುಕೊಳ್ಳಲಿಲ್ಲ.